ದಿಮ್ಮಿ ಒಡ್ಡಿನ ಕಾವಲು

ಜುಲೈ ೨೭, ಶುಕ್ರವಾರ

ಈ ಪುಸ್ತಕ ಅರಣ್ಯ ಇಲಾಖೆಯ ಕಚೇರಿಯವರದು, ಒಡ್ಡಿನ ಕಾವಲಿಗೆಂದು ನನಗೆ ಕೊಟ್ಟದ್ದು. ಮೊದಲ ಪುಟಗಳಲ್ಲಿ ನೀರಿನ ಮಟ್ಟ, ಒಡ್ಡಿನ ಎತ್ತರ, ಬಂದು ಹಿಂದಿರುಗಿದ ದೋಣಿಗಳ ವಿವರ ಬರೆಯಬೇಕು. ಪುಸ್ತಕವನ್ನು ಮಗುಚಿ ಕೊನೆಯ ಪುಟದಿಂದ ನಾನು ಬರೆಯುತ್ತಿರುವುದು ಯಾರಿಗೂ ಅಲ್ಲ. ಕೆಲಸ ಮುಗಿದ ದಿನ ಈ ಹಾಳೆಗಳನ್ನು ಹರಿದು ಒಲೆಗೆ ಹಾಕುವುದು.

ಹುಡುಕುವವರು ಇವತ್ತು ವಾಪಸು ಹೋದರು. ಒಂದು ವಾರ ಹುಡುಕಿದರು. ಅವರ ನಾಯಿ ಒಡ್ಡಿನ ಮೇಲೆ ಮೂರು ಸಲ ಒಂದೇ ಜಾಗಕ್ಕೆ ಬಂದು ಕುಳಿತಿತು. ಬೆನ್ಯಾತ್ ಉರೂಟಿಯಾ ಆ ದಿಮ್ಮಿಗಳ ಅಡಿಯಲ್ಲಿದ್ದಾನೆ ಎಂದು ಅದರ ಅರ್ಥವಂತೆ. ನಾಯಿಯ ಒಡತಿ ನನ್ನ ಭುಜ ಮುಟ್ಟಿ, "ಅಲ್ಲಿಂದ ತೆಗೆಯೋಕೆ ಆಗಲ್ಲ ಸಾರ್, ನಮ್ಮವರ ಜೀವ ಹೋಗುತ್ತೆ," ಎಂದಳು. ನಾಯಿ ನನ್ನ ಕೈ ನೆಕ್ಕಿತು.

ಇಪ್ಪತ್ತೆರಡು ವರ್ಷ ಬೆನ್ಯಾತನೂ ನಾನೂ ಒಂದೇ ದೋಣಿಯಲ್ಲಿ ಈ ನದಿಯ ಗಸ್ತು ತಿರುಗಿದೆವು. ಕಳೆದ ಆಗಸ್ಟಿನಲ್ಲಿ ಟ್ಯಾಮರಾಕ್ ತೊರೆಯ ಕಣಿವೆ ಪೂರ್ತಿ ಉರಿದುಹೋಯಿತು. ಬೇರು ಸತ್ತ ಗುಡ್ಡಕ್ಕೆ ಮಣ್ಣನ್ನು ಹಿಡಿದುಕೊಳ್ಳುವ ತ್ರಾಣ ಉಳಿಯಲಿಲ್ಲ. ಈ ತಿಂಗಳು ಹತ್ತೊಂಬತ್ತರ ಸಂಜೆ ಇಪ್ಪತ್ತು ನಿಮಿಷ ಮಳೆ ಹೊಡೆಯಿತು, ಗುಡ್ಡ ಕೆಳಗೆ ಬಂತು. ಬಿಡಾರ ತೊರೆಯ ಬಾಯಿಯಲ್ಲಿ ಎಂದು ತೀರ್ಮಾನವಾಗಿತ್ತು. ಬೆನ್ಯಾತ್ ಟೆಂಟಿನಲ್ಲಿದ್ದ. ನಾನು ನೀರಿನ ಅಂಚಿನಲ್ಲಿ, ದೋಣಿಯ ಹತ್ತಿರ ಇದ್ದೆ. ಕೆಸರಿನ ಅಲೆ ನನ್ನನ್ನೂ ದೋಣಿಯನ್ನೂ ಎತ್ತಿ ಆಚೆ ದಡಕ್ಕೆ ಒಗೆಯಿತು. ಅಷ್ಟೇ.

ತೊರೆ ತಂದು ಸುರಿದ ಕಲ್ಲು, ಕೆಸರು ಎಡದಡದಿಂದ ನದಿಯೊಳಕ್ಕೆ ಬೀಸಣಿಗೆಯ ಹಾಗೆ ಹರಡಿ ನೀರನ್ನು ಬಲಗಡೆಯ ಬಂಡೆಗೋಡೆಗೆ ಒತ್ತಿದೆ. ಉಳಿದ ಸಂದಿಯಲ್ಲಿ ಸುಟ್ಟ ಮರಗಳು ಸಿಕ್ಕಿಕೊಂಡು ಒಡ್ಡಾಗಿವೆ. ಒಡ್ಡಿನ ಹಿಂದೆ ಅರ್ಧ ಮೈಲಿ ಕಪ್ಪು ನೀರು ನಿಂತಿದೆ. ಆ ನೀರಿನ ತುದಿಗೇ ಗಸ್ತಿನ ಗುಡಿಸಲು. ಹೋದ ವರ್ಷ ಬೆಂಕಿ ಬಂದಾಗ ಬೆಂಕಿ ತಡೆಯುವ ಬೆಳ್ಳಿ ಬಣ್ಣದ ಹಾಳೆ ಸುತ್ತಿ ನಾವೇ ಇದನ್ನು ಉಳಿಸಿದ್ದು.

ಕಾಫಿ ಅರ್ಧ ಪಾತ್ರೆ ಉಳಿಯಿತು. ಚೆಲ್ಲಿದೆ.

ಜುಲೈ ೨೯, ಭಾನುವಾರ

ಒಡ್ಡು ಮಾತಾಡುತ್ತದೆ. ಹಗಲಲ್ಲಿ ಗೊತ್ತಾಗುವುದಿಲ್ಲ. ಸಂಜೆ ಗಾಳಿ ನಿಂತಾಗ ದಿಮ್ಮಿಯ ಮೇಲೆ ದಿಮ್ಮಿ ಉಜ್ಜಿ ಮೊದಲು ನರಳುತ್ತದೆ, ಆಮೇಲೆ ಸಣ್ಣಗೆ ಏರುತ್ತ ಏರುತ್ತ ಹೋಗಿ ಕೊನೆಗೆ ಒಡೆದ ನಗೆಯ ಹಾಗೆ ಮುಗಿಯುತ್ತದೆ. ಬೆನ್ಯಾತನ ಅಜ್ಜ ಸ್ಪೇನಿನ ಬೆಟ್ಟಗಳಿಂದ ಕುರಿ ಕಾಯಲು ಇಲ್ಲಿಗೆ ಬಂದ ಬಾಸ್ಕ್ ಜನದವನು. ಗುಡ್ಡದಿಂದ ಗುಡ್ಡಕ್ಕೆ ಕೇಳಿಸುವಂತೆ ಆ ಜನ ಹಾಕುವ ಕೂಗೊಂದಿದೆ. ಬಂಡೆಗಳ ನಡುವೆ ನದಿ ರಭಸದಿಂದ ಬೀಳುವ ದೊಡ್ಡ ಇಳಿನೀರು ದಾಟಿದಾಗಲೆಲ್ಲ ಬೆನ್ಯಾತ್ ಅದನ್ನು ಹಾಕುತ್ತಿದ್ದ. ಇದು ಥೇಟ್ ಅದೇ.

ತೊರೆ ಸುರಿದ ಕಲ್ಲು-ಕೆಸರಿನ ರಾಶಿಯ ಮೇಲೆ ಒಂದು ಚಪ್ಪಟೆ ಕಲ್ಲಿದೆ. ಅದರ ಮೇಲೆ ಕುಳಿತರೆ ಚೆನ್ನಾಗಿ ಕೇಳಿಸುತ್ತದೆ. ಇವತ್ತು ಕತ್ತಲಾಗುವವರೆಗೂ ಕುಳಿತಿದ್ದೆ.

ರೇಡಿಯೋದಲ್ಲಿ ಡೋರೀನ್ ಬಂದಳು. ಕಚೇರಿಯ ರೇಡಿಯೋ ಅವಳ ಕೈಯಲ್ಲಿದೆ, ಹದಿನೈದು ವರ್ಷದಿಂದ ದಿನಾ ಅವಳ ಧ್ವನಿ ಕೇಳುತ್ತಿದ್ದೇನೆ.

"ಹಾರ್ಲಿ, ನಿದ್ದೆ ಬರ್ತಿದ್ಯಾ?"

"ಬರ್ತಿದೆ."

"ಸುಳ್ಳು ಹೇಳೋಕೂ ಒಂದು ಗಂಟಲು ಬೇಕು ಕಣೋ, ನಿಂಗೆ ಅದಿಲ್ಲ. ಕೇಳಿಲ್ಲಿ. ಒಡ್ಡು ಸಿಡಿಸೋಕೆ ಅಪ್ಪಣೆ ಸಿಕ್ಕಿದೆ. ಗುರುವಾರ ಸಿಡಿಮದ್ದಿನ ಸ್ಟಬ್ಸ್‌ನ ತಂಡ ಹೊರಡುತ್ತೆ."

"ಈಗ ಬೇಡ," ಎಂದೆ. "ಒಡ್ಡು ಜರುಗ್ತಿದೆ. ಅದರ ಮೇಲೆ ಕಾಲಿಟ್ಟವರು ಉಳಿಯಲ್ಲ."

ಒಡ್ಡು ಒಂದು ಅಂಗುಲವೂ ಜರುಗಿಲ್ಲ. ಮೊದಲ ಪುಟಗಳಲ್ಲೂ ಜರುಗಿದೆ ಎಂದೇ ಬರೆದೆ.

ಆಗಸ್ಟ್ ೨, ಗುರುವಾರ

ಬೂಟು ಸಿಕ್ಕಿತು. ಎಡಗಾಲಿನದು. ನಿಂತ ನೀರಿನ ಅಂಚಿನಲ್ಲಿ ಇದ್ದಿಲು ನೊರೆಯ ನಡುವೆ ತೇಲುತ್ತಿತ್ತು. ಒಳಗೆ ಮರಳು ಬಿಟ್ಟರೆ ಏನೂ ಇಲ್ಲ. ಟೆಂಟಿನ ಹೊರಗೆ ಬಿಚ್ಚಿಟ್ಟಿದ್ದಿರಬೇಕು.

ಡೋರೀನಳಿಗೆ ಹೇಳಲಿಲ್ಲ. ತೊಳೆದೆ. ಆಕಾರ ಕೆಡದಿರಲಿ ಎಂದು ಹಳೆಯ ಪತ್ರಿಕೆ ತುರುಕಿ, ಒಲೆಯಿಂದ ದೂರ ಇಟ್ಟು ಒಣಗಿಸುತ್ತಿದ್ದೇನೆ. ಹತ್ತಿರ ಇಟ್ಟರೆ ಚರ್ಮ ಬಿರಿಯುತ್ತದೆ. ಅವನಿಗೆ ಅದು ಆಗಿಬರುವುದಿಲ್ಲ.

ಆಗಸ್ಟ್ ೩

ಬೆನ್ಯಾತ್ ಇವತ್ತು ಕೂಗಲಿಲ್ಲ. ಕಾದೆ.

ಆಗಸ್ಟ್ ೬, ಸೋಮವಾರ

ಕೂಗಿದ. ಎರಡು ಸಲ. ನಾನೂ ಕೂಗಿದೆ. ನನಗೆ ಆ ಕೂಗು ಬರುವುದಿಲ್ಲ, ಕತ್ತೆಗೆ ನೆಗಡಿಯಾದ ಹಾಗಿರುತ್ತದೆ ಎಂದು ಅವನು ಯಾವಾಗಲೂ ಆಡಿಕೊಳ್ಳುತ್ತಿದ್ದ.

ಸಾಲ್ಮನ್ ಮೀನು ಬಂದಿವೆ. ಮೇಲೆ ಮೊಟ್ಟೆಯಿಡಲೆಂದು ಸಮುದ್ರದಿಂದ ಎಂಟುನೂರು ಮೈಲಿ ಹತ್ತಿ ಬಂದು ಒಡ್ಡಿನ ಬುಡದಲ್ಲಿ ಮೂತಿ ಇಟ್ಟು ನಿಂತಿವೆ. ದಿಮ್ಮಿಗಳ ಸಂದಿಯಿಂದ ನೀರು ಸೋಸಿ ಬರುತ್ತದೆ, ಮೀನು ಹೋಗುವಷ್ಟು ಜಾಗವಿಲ್ಲ. ಅವುಗಳ ಬೆನ್ನು ಕೆಂಪಾಗಿ ಚರ್ಮ ಸುಲಿದಿದೆ. ಒಂದು ಹೆಣ್ಣು ಮೀನು ನನ್ನ ಕಣ್ಣೆದುರೇ ಹಾರಿ ದಿಮ್ಮಿಗೆ ಬಡಿದು ಬಿತ್ತು. ಮತ್ತೆ ಹಾರಿತು. ಇಂಥದ್ದನ್ನೆಲ್ಲ ಬರೆಯಲೆಂದೇ ನನ್ನನ್ನು ಇಲ್ಲಿಟ್ಟಿದ್ದಾರೆ, ಬರೆಯಲಿಲ್ಲ. ಬರೆದರೆ ಮೀನಿಗೆ ದಾರಿ ಬಿಡಿಸಲು ನಾಳೆಯೇ ಸಿಡಿಮದ್ದು ಬರುತ್ತದೆ.

ನದಿಯ ಗುರುತೇ ಹತ್ತುತ್ತಿಲ್ಲ. ಕಣ್ಣು ಕಟ್ಟಿದರೂ ದೋಣಿ ನಡೆಸುತ್ತೇನೆ ಎನ್ನುತ್ತಿದ್ದವನು ನಾನು. ನಾವು ಊಟ ಮಾಡುತ್ತಿದ್ದ ಮರಳ ದಂಡೆ ಇಲ್ಲ. ಗಾಳ ಹಾಕುತ್ತಿದ್ದ ಮಡು ಇಲ್ಲ. ಕೆಳಗಿನ ಇಳಿನೀರೂ ಹೂತುಹೋಗಿ ಸದ್ದಿಲ್ಲ. ಬೆಂಕಿ ಬಿದ್ದಲ್ಲಿ ನದಿ ಹಳೆಯ ಮನೆ ಬಿಟ್ಟು ಹೊಸದು ಕಟ್ಟುತ್ತದೆ ಎಂದು ಇಲಾಖೆಯ ತರಬೇತಿಯಲ್ಲಿ ನಾನೇ ಹುಡುಗರಿಗೆ ಪಾಠ ಹೇಳಿದ್ದೇನೆ. ಪಾಠ ಹೇಳಿದವನು.

ರೊಟ್ಟಿ ದೊಡ್ಡದಾಯಿತು. ಅರ್ಧ ಉಳಿದಿದೆ.

ಆಗಸ್ಟ್ ೯, ಗುರುವಾರ

ಸ್ಟಬ್ಸ್ ಹೇಳದೆ ಕೇಳದೆ ಬಂದಿಳಿದ. ಮೇಲಿನಿಂದ ಎರಡು ದೋಣಿ, ಇಬ್ಬರು ಸಹಾಯಕರು, ಹಳದಿ ಪೆಟ್ಟಿಗೆಗಳು. ಎಡಗೈಯಲ್ಲಿ ಎರಡು ಬೆರಳಿಲ್ಲದ ಕುಳ್ಳ ಮನುಷ್ಯ.

"ನಲವತ್ತು ವರ್ಷದ ಸರ್ವೀಸಲ್ಲಿ ಎರಡೇ ತಪ್ಪು ಮಾಡಿರೋದು," ಎಂದು ಕೈ ತೋರಿಸಿದ. ಎಲ್ಲರಿಗೂ ಹೇಳುವ ಜೋಕಿರಬೇಕು. ನಾನು ನಗಲಿಲ್ಲ.

ಒಡ್ಡಿನ ಮೇಲೆಲ್ಲ ಬೆಕ್ಕಿನ ಹಾಗೆ ಓಡಾಡಿದ. ಬಗ್ಗಿದ, ಮೂಸಿದ, ಒಂದು ದಿಮ್ಮಿಗೆ ಕಿವಿ ಕೊಟ್ಟ. ವಾಪಸು ಬಂದು ನನ್ನ ಪುಸ್ತಕ ಕೇಳಿ ಮೊದಲ ಪುಟಗಳನ್ನು ಓದಿದ. ಮಗುಚಿ ನೋಡಲಿಲ್ಲ.

"ಇದರಲ್ಲಿ ದಿನಾ ಅರ್ಧ ಅಡಿ ಜರುಗಿದೆ ಅಂತ ಬರೆದಿದ್ದೀರಿ."

"ಹೌದು."

"ಈ ಲೆಕ್ಕದಲ್ಲಿ ಇಷ್ಟೊತ್ತಿಗೆ ಅದು ಸಮುದ್ರಕ್ಕೆ ಸೇರಿರಬೇಕಿತ್ತು." ಪುಸ್ತಕ ಮುಚ್ಚಿ, ರಟ್ಟಿನ ಮೇಲೆ ಬರೆದಿದ್ದ ಹಾರ್ಲಿ ಪ್ರೇದರ್ ಎಂಬ ನನ್ನ ಹೆಸರು ನೋಡಿ ಕೊಟ್ಟ. "ನೋಡಿ ಪ್ರೇದರ್, ಇಡೀ ರಾಶಿಗೆ ಒಂದೇ ಒಂದು ಮರ ಬೀಗ ಹಾಕಿ ಕೂತಿದೆ. ಗೋಡೆ ಪಕ್ಕದ ಪೈನ್ ಮರ, ಬೇರು ಸಮೇತ. ಅದನ್ನ ಎತ್ತಿದರೆ ಎಲ್ಲ ಬಿಡಿಸ್ಕೊಳ್ಳುತ್ತೆ. ಆದರೆ ಕೆಳಗೆ ನಿಮ್ಮ ಮನುಷ್ಯ ಇದಾನೆ ಅಂತಾರೆ. ಮನೆಯವರು ಹೂಂ ಅನ್ನದೆ ನಾನು ಬತ್ತಿ ಹಚ್ಚೋನಲ್ಲ. ಹಚ್ಚಿದ ಮೇಲೆ ಏನು ಸಿಗುತ್ತೆ ಅಂತಾನೂ ಹೇಳಕ್ಕಾಗಲ್ಲ."

ಮನೆಯವರು ಎಂದರೆ ಮಾಯ್ಟೆ, ಬೆನ್ಯಾತನ ಹೆಂಡತಿ. ಅವಳು ಒಪ್ಪುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ಸಮಾಧಾನವಾಯಿತು. ಸಂಜೆ ಕಲ್ಲಿನ ಮೇಲೆ ಕುಳಿತು ಬೆನ್ಯಾತನಿಗೂ ಹೇಳಿದೆ.

ಆಗಸ್ಟ್ ೧೧, ಶನಿವಾರ

ಮಾಯ್ಟೆ ಬಂದಳು. ವಿಮಾನ ಇಳಿಯುವ ಬಯಲಿನಿಂದ ಒಂಬತ್ತು ಮೈಲಿ, ಒಬ್ಬಳೇ, ನಡೆದು. ದಾರಿ ಎರಡು ಕಡೆ ಜರಿದುಹೋಗಿದೆ, ಹೇಸರಗತ್ತೆ ಬರಲಾರದು. ಅವಳು ನಾಲ್ಕು ಕಾಲಲ್ಲಿ ಹತ್ತಿ ಬಂದೆ ಎಂದಳು. ಮೊಣಕಾಲು ತರಚಿತ್ತು. ಇಪ್ಪತ್ತು ವರ್ಷದಲ್ಲಿ ಅವಳು ಇಷ್ಟು ಸಣ್ಣಗೆ ಕಂಡದ್ದಿಲ್ಲ.

ಗುಡಿಸಲಿನೊಳಗೆ ಬಂದವಳು ಮೊದಲು ನೋಡಿದ್ದು ಬೂಟನ್ನು. ಕಿಟಕಿಯ ಕೆಳಗೆ ಅವನು ಇಡುತ್ತಿದ್ದ ಜಾಗದಲ್ಲೇ ಇತ್ತು. ನಿನ್ನೆ ತಾನೇ ಎಣ್ಣೆ ಹಚ್ಚಿದ್ದೆ.

"ಇದು ಯಾವಾಗ ಸಿಕ್ತು?"

ಹೇಳಿದೆ.

"ಒಂಬತ್ತು ದಿನ." ಅವಳು ಬೂಟು ಎತ್ತಿಕೊಳ್ಳಲಿಲ್ಲ. "ಒಂದೇ ಬೂಟಿಗೆ ಎಣ್ಣೆ ಹಚ್ಚಿದ್ದೀಯ ಹಾರ್ಲಿ. ಯಾರು ಹಾಕ್ಕೊಳ್ಳೋಕೆ?"

ಮೇಜಿನ ಮೇಲೆ ಎರಡು ಲೋಟ ಇದ್ದವು. ಅವಳು ಅವನ್ನೂ ನೋಡಿದಳು. ಆಮೇಲೆ ಕುಳಿತು, ಅವನದೇ ಜಾಗದಲ್ಲಿ, ಎರಡನೆಯ ಲೋಟ ಎತ್ತಿ ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದಳು.

ಸಂಜೆ ಅವಳನ್ನು ಕಲ್ಲಿನ ಹತ್ತಿರ ಕರೆದುಕೊಂಡು ಹೋದೆ. ಒಡ್ಡು ಕೂಗಿತು. "ಕೇಳಿಸ್ತಾ?" ಎಂದೆ.

"ಮರ," ಎಂದಳು.

"ಸರಿಯಾಗಿ ಕೇಳು."

"ನಂಗೆ ಅವನ ಕೂಗು ಗೊತ್ತಿಲ್ವಾ? ಮದುವೆ ದಿನ ಕಿವಿ ಹತ್ರ ಹಾಕಿ ಒಂದು ವಾರ ಕಿವುಡಿ ಮಾಡಿದ್ದ. ಅದು ಮರ ಹಾರ್ಲಿ. ಮರಕ್ಕೆ ಮರ ತಿಕ್ತಾ ಇದೆ." ಅವಳು ಎದ್ದಳು. "ಸ್ಟಬ್ಸ್‌ಗೆ ಹೇಳ್ತೀನಿ. ಸಿಡಿಸಲಿ."

"ಅವನು ಅದರ ಕೆಳಗಿದ್ದಾನೆ! ಏನೂ ಉಳಿಯಲ್ಲ ಮಾಯ್ಟೆ."

"ಮೂರು ವಾರದಿಂದ ಏನೂ ಇಲ್ಲ ನಂಗೆ. ಊರಲ್ಲಿ ಅತ್ತೆ ದಿನಾ ಬಾಗಿಲ ಚಿಲಕ ಹಾಕಬೇಡ ಅಂತಾರೆ, ಮಗ ಬರ್ತಾನೆ ಅಂತ. ಒಂದು ಮೂಳೆಯಾದರೂ ಸಿಗಲಿ, ಮಣ್ಣಿಗೆ ಹಾಕಿ ಬಾಗಿಲು ಹಾಕ್ಕೋತೀವಿ. ನೀನಿಲ್ಲಿ ಅವನ ಜೊತೆ ಸಂಸಾರ ಮಾಡ್ಕೊಂಡಿದ್ದೀಯ. ನಮಗೆ ಅದೂ ಇಲ್ಲ."

ಗುಡಿಸಲನ್ನು ಅವಳಿಗೆ ಬಿಟ್ಟುಕೊಟ್ಟು ಹೊರಗೆ ಮಲಗುತ್ತಿದ್ದೇನೆ.

ಆಗಸ್ಟ್ ೧೩, ಸೋಮವಾರ

ಮಧ್ಯಾಹ್ನ ಎರಡಕ್ಕೆ ಸಿಡಿಸಿದರು. ಸದ್ದು ನಾನೆಣಿಸಿದ್ದಕ್ಕಿಂತ ಸಣ್ಣದು, ಒಂದು ಕೆಮ್ಮಿನಷ್ಟು. ಬೇರಿನ ಪೈನ್ ಮರ ಮೆಲ್ಲಗೆ ಮೇಲೆದ್ದು ಮಗ್ಗುಲಾಯಿತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಇಡೀ ಒಡ್ಡು ಒಮ್ಮೆಗೇ ಬಾಯಿ ಬಿಟ್ಟು ಕೂಗಿತು. ಅಂಥ ಕೂಗು ಮತ್ತೆ ಕೇಳಬಾರದು. ನಾನು ಕಿವಿ ಮುಚ್ಚಿಕೊಂಡೆ. ಮಾಯ್ಟೆ ಮುಚ್ಚಿಕೊಳ್ಳಲಿಲ್ಲ.

ದಿಮ್ಮಿಗಳು ಹೋದವು. ಹತ್ತು ನಿಮಿಷ ನದಿಯ ತುಂಬ ಕಪ್ಪು ಮರ. ಹಿಂದಿನ ನೀರು ಅದರ ಬೆನ್ನಟ್ಟಿ ಹೋಯಿತು. ಸ್ಟಬ್ಸ್‌ನ ಸಹಾಯಕರು ಕೆಳಗೆ ಬಲೆ ಕಟ್ಟಿ ಕತ್ತಲಾಗುವವರೆಗೂ ಕಾದರು. ಬಲೆಗೆ ಸಿಕ್ಕಿದ್ದು ಕೊಂಬೆ, ಸತ್ತ ಮೀನು, ಒಂದು ಜಿಂಕೆಯ ತೊಗಲು.

ಬೆನ್ಯಾತ್ ಇಲ್ಲ.

ಸಂಜೆ ಕಿವಿಗೊಟ್ಟು ಕುಳಿತೆ. ನೀರು. ಬರೀ ನೀರು.

ಆಗಸ್ಟ್ ೧೪, ಮಂಗಳವಾರ

ಬಿಡುಗಡೆಯಾದ ನದಿ ರಾತ್ರಿಯೆಲ್ಲ ತೊರೆಯ ರಾಶಿಯನ್ನು ಕೊರೆದಿದೆ. ಬೆಳಿಗ್ಗೆ ನೋಡಿದರೆ ರಾಶಿಯ ಅಂಚು ಕತ್ತಿಯಲ್ಲಿ ಕೊಯ್ದ ಹಾಗೆ, ಎರಡು ಆಳೆತ್ತರ ನೆಟ್ಟಗೆ ನಿಂತಿತ್ತು. ಮೇಲೆ ಬಿಳಿ ಕಲ್ಲು, ನಡುವೆ ಬೂದಿಯ ಕಪ್ಪು ಮಣ್ಣು, ಅದರ ಕೆಳಗೆ ಹಳೆಯ ನೆಲ, ಸುಡದ ಹುಲ್ಲಿನ ಬೇರಿನ ಸಮೇತ. ಹಳೆಯ ನೆಲದ ಮೇಲೆ ಒಂದು ನೀಲಿ ಗೆರೆ ಕಂಡಿತು.

ಟೆಂಟಿನ ಬಟ್ಟೆ ನೀಲಿ.

ಸ್ಟಬ್ಸ್ ನನ್ನ ರಟ್ಟೆ ಹಿಡಿದುಕೊಂಡ. "ನೀವು ಬೇಡ. ನಾವು ತೆಗೀತೀವಿ." ನಾನು ಬಿಡಿಸಿಕೊಂಡು ಹೋಗಿ ಕೈಯಲ್ಲೇ ತೋಡಿದೆ. ಮೂವರೂ ಬಂದರು. ಮಾಯ್ಟೆಯೂ ಬಂದಳು, ಬೇಡವೆನ್ನುವ ಧೈರ್ಯ ಯಾರಿಗೂ ಇರಲಿಲ್ಲ. ತಂಪು ಮಣ್ಣು ಅವನನ್ನು ಬಹಳ ಕೆಡಲು ಬಿಟ್ಟಿರಲಿಲ್ಲ. ಮಗ್ಗುಲಾಗಿ ಮಲಗಿದ್ದ, ಮೊಣಕಾಲು ಮಡಚಿ. ಎದ್ದಿರಲೇ ಇಲ್ಲ. ಅವನಿಗೆ ಗೊತ್ತೇ ಆಗಿಲ್ಲ ಎಂದು ಸ್ಟಬ್ಸ್ ಮೂರು ಸಲ ಹೇಳಿದ.

ಅವನು ಒಡ್ಡಿನಲ್ಲಿ ಒಂದು ದಿನವೂ ಇರಲಿಲ್ಲ. ರಾಶಿಯ ಒಳಗಿಂದ ಜಿನುಗುವ ನೀರು ವಾಸನೆಯನ್ನು ಒಡ್ಡಿಗೆ ಒಯ್ದಿತ್ತು, ನಾಯಿ ಅದನ್ನು ಹಿಡಿದಿತ್ತು. ದಿನಾ ಸಂಜೆ ನಾನು ಕೂರುತ್ತಿದ್ದ ಚಪ್ಪಟೆ ಕಲ್ಲಿನಿಂದ ಅವನಿಗೆ ಹದಿನೈದು ಹೆಜ್ಜೆ. ಎದುರಿನ ಮರದ ರಾಶಿಗೆ ನಾನು ಮಾತಾಡುತ್ತಿದ್ದೆ, ಅವನು ನನ್ನ ಬೆನ್ನ ಹಿಂದೆ ಮಲಗಿದ್ದ.

ಆಗಸ್ಟ್ ೧೫, ಬುಧವಾರ

ಪಕ್ಕದ ಕಣಿವೆಯಲ್ಲಿ ಮತ್ತೆ ಬೆಂಕಿ ಎದ್ದಿದೆ. ಹೆಲಿಕಾಪ್ಟರುಗಳೆಲ್ಲ ಅಲ್ಲಿವೆ, ಈ ಹೊಗೆಯಲ್ಲಿ ನಾಲ್ಕು ದಿನ ಬರಲಾರವು ಎಂದು ಡೋರೀನ್ ಹೇಳಿದಳು. ಕೆಳಗಿನ ಬಯಲಿನಲ್ಲಿ ಹೊಗೆ ಕಡಿಮೆ, ಸಣ್ಣ ವಿಮಾನ ಇಳಿಯಬಲ್ಲದು, ಶೆರೀಫನ ಪೊಲೀಸರು ಅಲ್ಲಿಗೇ ಬರುತ್ತಾರೆ. ಜರಿದ ದಾರಿಯಲ್ಲಿ ಹೆಣ ಹೊರಲಾಗದು. ಉಳಿದದ್ದು ನದಿ. ಸಿಡಿತದ ಮೇಲೆ ಒಡ್ಡಿದ್ದ ಜಾಗದಲ್ಲೊಂದು ಹೊಸ ಇಳಿನೀರು ಹುಟ್ಟಿತ್ತು, ಅದರಲ್ಲಿ ಇನ್ನೂ ಯಾರೂ ಹೋಗಿರಲಿಲ್ಲ.

ನಾನೂ ಸ್ಟಬ್ಸೂ ದಡದಲ್ಲಿ ನಿಂತು ಒಂದು ಗಂಟೆ ನೋಡಿದೆವು. ಎಡಕ್ಕೆ ಹೊಸ ಬಂಡೆಗಳು, ಹಲ್ಲಿನಂತೆ. ಬಲಕ್ಕೆ ಗೋಡೆ. ನಡುವೆ ನೀರು ಬಿದ್ದು ತನ್ನ ಮೇಲೆ ತಾನೇ ಮಡಚಿಕೊಳ್ಳುವ ಗುಂಡಿ. ಗುಂಡಿಗೂ ಗೋಡೆಗೂ ನಡುವೆ ದೋಣಿಯ ಅಗಲಕ್ಕಿಂತ ಒಂದು ಮೊಳ ಜಾಸ್ತಿ ನಯವಾದ ನೀರು.

"ಮದ್ದಾಗಿದ್ರೆ ನಾನು ಏನಾದ್ರೂ ಹೇಳ್ತಿದ್ದೆ," ಎಂದ ಸ್ಟಬ್ಸ್. "ನೀರು ನನ್ನ ಕಸುಬಲ್ಲ."

ಬೆನ್ಯಾತನನ್ನು ಬಿಳಿ ಚೀಲದಲ್ಲಿ ದೋಣಿಯ ನಡುವೆ ಕಟ್ಟಿದೆವು. ಮಾಯ್ಟೆ ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿದುಕೊಂಡು ಮುಂದೆ ಬಂದಳು. ದಡದಿಂದ ನಡೆದುಕೊಂಡು ಬಾ ಎಂದೆ. ತಲೆ ಅಲ್ಲಾಡಿಸಿದಳು.

"ಹತ್ತೋಕೆ ಮುಂಚೆ ಒಂದು ಮಾತು," ಎಂದೆ. "ಆ ಜಾಗ ನಾನು ಆರಿಸಿದ್ದು. ಅವನು ಬೇಡ ಅಂದ. ಮೇಲೆ ಗುಡ್ಡ ಸುಟ್ಟಿದೆ, ಮೋಡ ಕಪ್ಪಾಗಿದೆ, ಇನ್ನೆರಡು ಮೈಲಿ ಹೋಗೋಣ ಅಂದ. ನಂಗೆ ಬೆನ್ನು ನೋಯ್ತಿತ್ತು. ಮೂವತ್ತು ವರ್ಷದಿಂದ ಇಲ್ಲೇ ಮಲಗಿದ್ದೀನಿ, ಈ ತೊರೆ ನಾನು ಸಾಕಿದ ನಾಯಿ ಇದ್ದಂಗೆ, ನಿಮ್ಮ ಕುರುಬರ ಪುಕ್ಕಲುತನ ಇಲ್ಲಿ ಬೇಡ ಅಂದೆ. ಅವನು ನಕ್ಕು ಟೆಂಟು ಹೊಡೆದ."

ಸ್ಟಬ್ಸ್ ಆಚೆ ತಿರುಗಿ ಹಗ್ಗ ಸುತ್ತತೊಡಗಿದ.

"ಅವರಪ್ಪ ಕುರಿ ಮೇಯಿಸ್ತಾ ಹೇಳಿಕೊಟ್ಟಿದ್ದ," ಎಂದಳು ಮಾಯ್ಟೆ. "ಸುಟ್ಟ ಗುಡ್ಡದ ಕೆಳಗೆ ಮಲಗಬೇಡ ಅಂತ. ಅವನು ಹೇಗೆ ಮಲಗಿದ ಅಂತ ಮೂರು ವಾರದಿಂದ ತಲೆ ಕೆಡಿಸ್ಕೊಂಡಿದ್ದೆ. ಅವನಿಗೇನು ಬಂದಿತ್ತು ಅಂತ ಅವನನ್ನೇ ಬೈದಿದ್ದೆ, ಹಾರ್ಲಿ. ಸತ್ತವನನ್ನ."

"ಬೇರೆಯವರು ದೋಣಿ ನಡೆಸಬೇಕು ಅಂದರೆ ಕಾಯೋಣ."

"ಇವತ್ತು ನಿನ್ನ ತೋಳು ಬೇಕು ನಂಗೆ. ನಾಳೆಯಿಂದ ಏನು ಅಂತ ಗೊತ್ತಿಲ್ಲ." ಹತ್ತಿ ಅವನ ಪಕ್ಕದಲ್ಲಿ ಕುಳಿತು, ಚೀಲದ ಮೇಲಿನ ಹಗ್ಗವನ್ನು ಎರಡು ಕೈಯಲ್ಲಿ ಹಿಡಿದಳು.

ನೂಕಿದೆ. ಮೇಲಿನಿಂದ ಕಂಡದ್ದು ಯಾವುದೂ ಕೆಳಗೆ ಕಾಣಲಿಲ್ಲ. ಬರೀ ಒಂದು ಗೆರೆ, ಗೆರೆಯಾಚೆ ಹೊಗೆಯಂಥ ತುಂತುರು. ಈ ನದಿಯ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಕೆಲಸಕ್ಕೆ ಬಾರದ್ದಾಗಿತ್ತು. ಮೊದಲ ವರ್ಷದ ಹುಡುಗನಂತೆ ಬರೀ ಕಣ್ಣೆದುರಿನ ನೀರನ್ನು ನೋಡಿ ಹುಟ್ಟು ಹಾಕಿದೆ. ಗೋಡೆ ಬಲ ಹುಟ್ಟನ್ನು ಕಸಿದುಕೊಂಡಿತು, ಮುರಿಯಿತು. ದೋಣಿ ಅಡ್ಡ ತಿರುಗಿತು. ಗುಂಡಿಯ ಬಾಯಿ ಎಡಕ್ಕೆ, ಕೈಗೆಟಕುವಷ್ಟು ಹತ್ತಿರ. ಮಾಯ್ಟೆ ನಾನು ಹೇಳದೆಯೇ ಗೋಡೆಯ ಕಡೆ ತನ್ನ ಇಡೀ ಭಾರ ಹಾಕಿ ಬಿದ್ದಳು, ಬೆನ್ಯಾತನ ಮೇಲೆ ಬಿದ್ದಳು, ಮೂವರ ಭಾರ ಒಂದೇ ಕಡೆಗಾಯಿತು. ಗುಂಡಿ ದೋಣಿಯ ಹಿಂಬದಿಯನ್ನು ನೆಕ್ಕಿ ಬಿಟ್ಟುಬಿಟ್ಟಿತು.

ಕೆಳಗಿನ ಮಡುವಿನಲ್ಲಿ ದೋಣಿ ತಾನೇ ಸುತ್ತುತ್ತಿತ್ತು. ಯಾರೂ ಕೂಗು ಹಾಕಲಿಲ್ಲ. ಪಕ್ಕದಲ್ಲಿ ಕೆಂಪು ಬೆನ್ನಿನ ಮೀನುಗಳು ಮೇಲಕ್ಕೆ ಹೋಗುತ್ತಿದ್ದವು.

ಬಯಲಿನಲ್ಲಿ ವಿಮಾನ ಹತ್ತುವ ಮುಂಚೆ ಮಾಯ್ಟೆ ಹೇಳಿದ್ದು: "ಶನಿವಾರ ನಮ್ಮೂರಲ್ಲಿ, ಗುಡಿಂಗ್‌ನಲ್ಲಿ ಮಣ್ಣು. ಬರಬೇಡ ಅಂತ ಹೇಳಲ್ಲ. ಬಾ ಅಂತಾನೂ ಹೇಳಲ್ಲ."

ಆಗಸ್ಟ್ ೧೮, ಶನಿವಾರ. ಗುಡಿಂಗ್

ಹೋದೆ. ಇಗರ್ಜಿಯಲ್ಲಿ ಹಿಂದಿನ ಸಾಲು. ಸ್ಮಶಾನದಲ್ಲಿ ಗೇಟಿನ ಹತ್ತಿರ. ಮುಗಿದ ಮೇಲೆ ಊಟಕ್ಕೆ ಬಾಸ್ಕ್ ಜನರ ಸಭಾಂಗಣದಲ್ಲಿ ಉದ್ದನೆಯ ಮೇಜುಗಳು, ಬೀನ್ಸ್ ಸಾರು, ಕುರಿ ಮಾಂಸ, ಕೆಂಪು ದ್ರಾಕ್ಷಾರಸ. ಬಾಗಿಲಿನಿಂದಲೇ ಹೊರಟುಬಿಡುವುದು ಎಂದುಕೊಂಡಿದ್ದೆ. ಮಾಯ್ಟೆ ನೋಡಿದಳು. ತನ್ನ ಅತ್ತೆಯ ಕಡೆ ಬಗ್ಗಿ, "ಅಮಾ," ಎಂದು ಅವರ ಭಾಷೆಯಲ್ಲಿ ಏನೋ ಹೇಳಿದಳು. ಬಹಳ ಹೊತ್ತು ಹೇಳಿದಳು. ಎಂಬತ್ತಾರು ವರ್ಷದ ಮುದುಕಿ, ಹೆಸರು ಗ್ರಾಶಿ. ಕೇಳುತ್ತ ಕೇಳುತ್ತ ನನ್ನ ಮೇಲೆ ಕಣ್ಣಿಟ್ಟರು. ತೆಗೆಯಲಿಲ್ಲ.

ಸುತ್ತಲಿನವರು ತಿನ್ನುವುದು ನಿಂತಿತು. ಹೊಡೆಯಲಿ, ಉಗಿಯಲಿ, ಸಿದ್ಧನಾಗಿದ್ದೆ.

ಮುದುಕಿ ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಕೈಚೀಲವನ್ನು ತೆಗೆದು ನೆಲಕ್ಕಿಟ್ಟರು. ಹೋಗಿ ಕುಳಿತೆ.

"ಅವತ್ತು ನನ್ನ ಮಗ ಊಟ ಮಾಡಿದ್ದನಾ?"

ಇಷ್ಟು ದಿನದಲ್ಲಿ ಯಾರೂ ಕೇಳಿರಲಿಲ್ಲ. ನಾನೂ ನೆನಪಿಸಿಕೊಂಡಿರಲಿಲ್ಲ.

"ಇಲ್ಲ ಅಮ್ಮ. ಹಲ್ಲು ನೋವು ಅಂತ ಮಲಗಿದ್ದ. ಏನಾದರೂ ಮೆತ್ತಗಿನದು ಮಾಡಿಕೊಡೋಣ ಅಂತ ನಾನು ದೋಣಿಗೆ ಪಾತ್ರೆ ತರೋಕೆ ಹೋದೆ."

"ಯಾವ ಕಡೆ ಹಲ್ಲು?"

ನನ್ನ ಎಡ ದವಡೆ ಮುಟ್ಟಿ ತೋರಿಸಿದೆ. ಮುದುಕಿ ತಮ್ಮ ಎಡಗೆನ್ನೆಗೆ ಅಂಗೈ ಇಟ್ಟುಕೊಂಡು ಕಣ್ಣು ಮುಚ್ಚಿದರು.

"ಚಿಕ್ಕಂದಿನಿಂದ ಅದೇ ಕಡೆ," ಎಂದರು. ತಮ್ಮ ತಟ್ಟೆಯ ಸಾರನ್ನು ನನ್ನ ಮುಂದಕ್ಕೆ ನೂಕಿದರು. "ಆಮೇಲೆ? ಎಲ್ಲ ಹೇಳು."